ಅಮೆರಿಕದ ಅಧ್ಯಕ್ಷರಿಗೆ ಕ್ಷಮಾದಾನದ ಅರ್ಜಿ: ಹಾಕುವುದು ಹೇಗೆ, ಎಡವುವುದು ಎಲ್ಲಿ

ಅಮೆರಿಕದ ಅಧ್ಯಕ್ಷರ ಕ್ಷಮಾದಾನ ಎಂದರೆ ಸುದ್ದಿಯಲ್ಲಿ ಕಾಣುವುದು ದೊಡ್ಡ ಹೆಸರುಗಳೇ. 1974ರ ಸೆಪ್ಟೆಂಬರ್ 8ರಂದು ಫೋರ್ಡ್ ಅವರು ನಿಕ್ಸನ್‌ಗೆ ಕೊಟ್ಟದ್ದು, 2024ರ ಡಿಸೆಂಬರ್ 1ರಂದು ಬೈಡನ್ ತಮ್ಮ ಮಗ ಹಂಟರ್‌ಗೆ ಕೊಟ್ಟದ್ದು, 2025ರ ಜನವರಿ 20ರಂದು ಟ್ರಂಪ್ ಅವರು ಅಮೆರಿಕದ ಸಂಸತ್ ಭವನವಾದ ಕ್ಯಾಪಿಟಲ್ ಮೇಲಿನ ದಾಳಿಯ ಪ್ರಕರಣಗಳ ಸುಮಾರು 1,500 ಮಂದಿಗೆ ಕೊಟ್ಟದ್ದು. ಇವು ಯಾವುವೂ ಅರ್ಜಿ ನಮೂನೆಯ ದಾರಿಯಲ್ಲಿ ಬಂದವಲ್ಲ. ಆದರೆ ಎಂದೋ ಶಿಕ್ಷೆ ಮುಗಿಸಿ, ಹಳೆಯ ತೀರ್ಪೊಂದರಿಂದಾಗಿ ಲೈಸೆನ್ಸ್ ಸಿಗದೆ, ಕೆಲಸ ಸಿಗದೆ, ಗ್ರೀನ್ ಕಾರ್ಡ್ ಉಳಿಯುತ್ತದೋ ಇಲ್ಲವೋ ಎಂಬ ಭಯದಲ್ಲಿ ಬದುಕುತ್ತಿರುವವರಿಗೂ ಅದೇ ಅಧಿಕಾರದ ಬಾಗಿಲು ತೆರೆದಿದೆ. ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಸಿಗುತ್ತದೆ ಎಂಬ ಖಾತರಿಯೂ ಇಲ್ಲ. ಸಿಕ್ಕರೆ ನಿಮ್ಮ ಕಷ್ಟ ತೀರುತ್ತದೆಯೇ ಎಂಬುದನ್ನು ಅರ್ಜಿ ಬರೆಯುವ ಮೊದಲೇ ಖಚಿತ ಮಾಡಿಕೊಳ್ಳಬೇಕು.

ಮೊದಲು ತೀರ್ಪಿನ ಪ್ರತಿ ತೆಗೆದು ನೋಡಿ

ಸಂವಿಧಾನದ ಎರಡನೇ ವಿಧಿಯ ಎರಡನೇ ಸೆಕ್ಷನ್ ಅಧ್ಯಕ್ಷರಿಗೆ ಕೊಟ್ಟಿರುವ ಅಧಿಕಾರ ‘ಯುನೈಟೆಡ್ ಸ್ಟೇಟ್ಸ್ ವಿರುದ್ಧದ ಅಪರಾಧ’ಗಳಿಗೆ ಮಾತ್ರ. ಅಂದರೆ ಫೆಡರಲ್ (ಕೇಂದ್ರ ಸರ್ಕಾರದ ಕಾನೂನಿನಡಿಯ) ಅಪರಾಧಗಳು, ಸೇನಾ ನ್ಯಾಯಾಲಯದ ಶಿಕ್ಷೆಗಳು, ಜೊತೆಗೆ ವಾಷಿಂಗ್ಟನ್ ಡಿ.ಸಿ.ಯ ಸ್ಥಳೀಯ ಕಾನೂನಿನಡಿಯ ಅಪರಾಧಗಳು. ಕುಡಿದು ಗಾಡಿ ಓಡಿಸಿದ್ದು, ಅಂಗಡಿ ಕಳ್ಳತನ, ಮನೆಯೊಳಗಿನ ಹಲ್ಲೆ ಇಂಥವು ಸಾಮಾನ್ಯವಾಗಿ ರಾಜ್ಯದ ಪ್ರಕರಣಗಳು. ಅವುಗಳನ್ನು ಶ್ವೇತಭವನಕ್ಕೆ ಬರೆದರೆ ಪ್ರಯೋಜನವಿಲ್ಲ.

ಗುರುತಿಸುವುದು ಸುಲಭ. ತೀರ್ಪಿನ ಮೊದಲ ಪುಟದ ತಲೆಯಲ್ಲಿ ‘ಯುನೈಟೆಡ್ ಸ್ಟೇಟ್ಸ್ ಆಫ್ ಅಮೆರಿಕ’ ಎದುರು ನಿಮ್ಮ ಹೆಸರು ಇದ್ದರೆ ಫೆಡರಲ್. ‘ಸ್ಟೇಟ್ ಆಫ್’, ‘ಪೀಪಲ್ ಆಫ್’ ಅಥವಾ ‘ಕಾಮನ್‌ವೆಲ್ತ್ ಆಫ್’ ಎಂದಿದ್ದರೆ ರಾಜ್ಯದ್ದು. ‘ಡಿಸ್ಟ್ರಿಕ್ಟ್ ಕೋರ್ಟ್’ ಎಂಬ ಎರಡು ಪದ ನೋಡಿ ಫೆಡರಲ್ ಎಂದುಕೊಳ್ಳಬೇಡಿ. ಟೆಕ್ಸಸ್‌ನಲ್ಲಿ ರಾಜ್ಯದ ನ್ಯಾಯಾಲಯಕ್ಕೂ ಅದೇ ಹೆಸರು.

ರಾಜ್ಯದ ಪ್ರಕರಣವಾದರೆ ಪ್ರತಿ ರಾಜ್ಯದ ದಾರಿಯೂ ಬೇರೆ. ಟೆಕ್ಸಸ್‌ನಲ್ಲಿ ಕ್ಷಮಾದಾನ ಮಂಡಳಿ ಶಿಫಾರಸು ಮಾಡದೆ ಗವರ್ನರ್ ಕ್ಷಮಾದಾನ ಕೊಡುವಂತಿಲ್ಲ. ಜಾರ್ಜಿಯಾದಲ್ಲಿ ಗವರ್ನರ್‌ಗೆ ಆ ಅಧಿಕಾರವೇ ಇಲ್ಲ, ಐವರು ಸದಸ್ಯರ ಮಂಡಳಿಯದೇ ಕೊನೆಯ ಮಾತು. ಕ್ಯಾಲಿಫೋರ್ನಿಯಾದಲ್ಲಿ ಗವರ್ನರ್ ಕೊಡಬಹುದು, ಆದರೆ ಎರಡು ಬಾರಿ ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರಿಗೆ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಬಹುಮತದ ಒಪ್ಪಿಗೆ ಬೇಕು.

ಯಾವುದನ್ನು ಕೇಳಬೇಕು

ಕ್ಷಮಾದಾನ ಬೇರೆ, ಶಿಕ್ಷೆ ಕಡಿತ ಬೇರೆ. ಎರಡಕ್ಕೂ ನಮೂನೆ ಬೇರೆ, ಫಲವೂ ಬೇರೆ. ಶಿಕ್ಷೆ ಕಡಿತ ಜೈಲಿನಿಂದ ಬೇಗ ಹೊರತರಬಹುದು, ಅಪರಾಧಿ ಎಂಬ ತೀರ್ಪು ಮಾತ್ರ ಹಾಗೇ ಉಳಿಯುತ್ತದೆ. ಮಾದಕವಸ್ತು ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ ಆಲಿಸ್ ಜಾನ್ಸನ್ ಅವರ ಶಿಕ್ಷೆಯನ್ನು ಟ್ರಂಪ್ 2018ರ ಜೂನ್‌ನಲ್ಲಿ ಕಡಿತ ಮಾಡಿದರು. ಅವರು ಮನೆಗೆ ಬಂದರು, ಆದರೆ ಪೂರ್ಣ ಕ್ಷಮಾದಾನ ಸಿಕ್ಕಿದ್ದು 2020ರ ಆಗಸ್ಟ್‌ನಲ್ಲಿ. ಉಪಾಧ್ಯಕ್ಷ ಚೇನಿ ಅವರ ಆಪ್ತ ಅಧಿಕಾರಿಯಾಗಿದ್ದ ಲೂಯಿಸ್ ಸ್ಕೂಟರ್ ಲಿಬಿ ಪ್ರಕರಣ ಇನ್ನೂ ಸ್ಪಷ್ಟ: 2007ರಲ್ಲಿ ಅಧ್ಯಕ್ಷ ಬುಷ್, ಲಿಬಿ ಅವರ 30 ತಿಂಗಳ ಜೈಲುವಾಸವನ್ನು ತೆಗೆದುಹಾಕಿದರು, 2,50,000 ಡಾಲರ್ ದಂಡವನ್ನೂ ಎರಡು ವರ್ಷದ ನಿಗಾ ಅವಧಿಯನ್ನೂ ಹಾಗೇ ಬಿಟ್ಟರು. ತೀರ್ಪಿನ ಕಳಂಕಕ್ಕೆ ಕ್ಷಮೆ ಸಿಗಲು 2018ರವರೆಗೆ ಕಾಯಬೇಕಾಯಿತು.

ದಂಡ ಅಥವಾ ಪರಿಹಾರದ ಬಾಕಿಯನ್ನಷ್ಟೇ ಮನ್ನಾ ಮಾಡಿ ಎಂದೂ ಕೇಳಬಹುದು. ಆದರೆ ಖಜಾನೆ ಸೇರಿದ ಹಣ ಕ್ಷಮಾದಾನದಿಂದ ವಾಪಸ್ ಬರುವುದಿಲ್ಲ. 1877ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ.

ಕ್ಷಮಾದಾನ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಇದು ತಪ್ಪನ್ನು ಮನ್ನಿಸುವುದು, ನಿರಪರಾಧಿ ಎಂದು ಸಾರುವುದಲ್ಲ. ಹಳೆಯ ದಾಖಲೆ ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ ಕ್ಷಮಾದಾನದ ನಮೂದು ಸೇರುತ್ತದೆ. ಹಿನ್ನೆಲೆ ಪರಿಶೀಲನೆ ಮಾಡುವವರಿಗೆ ಎರಡೂ ಕಾಣುತ್ತವೆ. ಬಂದೂಕು ಇಟ್ಟುಕೊಳ್ಳುವ ಫೆಡರಲ್ ನಿಷೇಧ, ಜ್ಯೂರಿಯಲ್ಲಿ ಕೂರಲು, ಚುನಾವಣೆಗೆ ನಿಲ್ಲಲು ಇರುವ ಅಡ್ಡಿಗಳು ನೀಗುತ್ತವೆ. ವೃತ್ತಿ ಲೈಸೆನ್ಸ್ ಮಂಡಳಿಗಳಿಗೆ ಅದೊಂದು ಬಲವಾದ ಪುರಾವೆ, ಆದರೆ ಲೈಸೆನ್ಸ್ ಕೊಡಲೇಬೇಕೆಂಬ ಆದೇಶವಲ್ಲ.

ಗ್ರೀನ್ ಕಾರ್ಡ್ ಮತ್ತು ವೀಸಾ ಇರುವ ಕನ್ನಡಿಗರು ಮುಂದಿನ ಮಾತನ್ನು ಎರಡು ಸಲ ಓದಬೇಕು. ಗಡೀಪಾರಿನ ವಿಷಯದಲ್ಲಿ ಪೂರ್ಣ ಮತ್ತು ನಿಬಂಧನೆಯಿಲ್ಲದ ಕ್ಷಮಾದಾನವನ್ನು ವಲಸೆ ಕಾನೂನು ನಾಲ್ಕು ಕಾರಣಗಳಿಗೆ ಮಾತ್ರ ಒಪ್ಪುತ್ತದೆ: ನೈತಿಕ ಅಧಃಪತನದ ಅಪರಾಧ (ವಂಚನೆ, ಕಳ್ಳತನದಂಥದ್ದು), ಅಂಥ ಒಂದಕ್ಕಿಂತ ಹೆಚ್ಚು ಅಪರಾಧಗಳು, ಕಾನೂನು ‘ಅಗ್ರವೇಟೆಡ್ ಫೆಲೊನಿ’ ಎಂದು ಕರೆಯುವ ಗಂಭೀರ ಅಪರಾಧ, ಮತ್ತು ತಪಾಸಣಾ ಠಾಣೆಯಿಂದ ಅತಿವೇಗದಲ್ಲಿ ತಪ್ಪಿಸಿಕೊಂಡದ್ದು. ಮಾದಕವಸ್ತು, ಬಂದೂಕು, ಗೃಹಹಿಂಸೆ ಈ ಪಟ್ಟಿಯಲ್ಲಿಲ್ಲ. ಒಂದೇ ತೀರ್ಪು ಎರಡು ಗುಂಪಿಗೂ ಬೀಳುವುದುಂಟು. ಆಗ ಒಂದು ಕಾರಣ ಕ್ಷಮಾದಾನದಿಂದ ಹೋದರೂ ಇನ್ನೊಂದು ಉಳಿದು ಗಡೀಪಾರಿನ ಕತ್ತಿ ತೂಗುತ್ತಲೇ ಇರುತ್ತದೆ. 2022ರ ಅಕ್ಟೋಬರ್ 6ರಂದು ಬೈಡನ್ ಅವರು ಮಾರುವ ಉದ್ದೇಶವಿಲ್ಲದೆ ಗಾಂಜಾ ಇಟ್ಟುಕೊಂಡವರಿಗೆ ಸಾಮೂಹಿಕ ಕ್ಷಮಾದಾನ ಕೊಟ್ಟಾಗ ಗ್ರೀನ್ ಕಾರ್ಡ್ ಇದ್ದವರೂ ಅದರಲ್ಲಿ ಸೇರಿದ್ದರು. ಅದನ್ನು ನಂಬಿಕೊಂಡು ಪೌರತ್ವದ ಅರ್ಜಿ ಹಾಕುವುದಾಗಲಿ, ಊರಿಗೆ ಬಂದು ಹೋಗುವುದಾಗಲಿ ಅಪಾಯ. ಮೊದಲು ವಲಸೆ ವಕೀಲರನ್ನು ಕಾಣಬೇಕು. ಇಲ್ಲಿ ವಕೀಲರ ಖರ್ಚು ಉಳಿಸಲು ಹೋಗಬೇಡಿ.

ಇನ್ನೊಂದು ತಪ್ಪು ಕಲ್ಪನೆ: ಭಾರತದಲ್ಲಿ ಆದ ಶಿಕ್ಷೆಗೆ ನಮ್ಮ ರಾಷ್ಟ್ರಪತಿಯೋ ರಾಜ್ಯಪಾಲರೋ ಕ್ಷಮಾದಾನ ಕೊಟ್ಟಿದ್ದರೆ ಅಮೆರಿಕದ ವೀಸಾಕ್ಕೆ ಅಡ್ಡಿ ಇರುವುದಿಲ್ಲ ಎಂಬುದು. ವಿದೇಶಿ ಸರ್ಕಾರ ಕೊಟ್ಟ ಕ್ಷಮಾದಾನ ಅಲ್ಲಿನ ವೀಸಾ ನಿಯಮದ ಪ್ರಕಾರ ಲೆಕ್ಕಕ್ಕೆ ಬರುವುದಿಲ್ಲ.

ಐದು ವರ್ಷದ ಲೆಕ್ಕ

ಕ್ಷಮಾದಾನಕ್ಕೆ ಐದು ವರ್ಷ ಕಾಯಬೇಕು. ಜೈಲಿಗೆ ಹೋಗಿದ್ದರೆ ಬಿಡುಗಡೆಯಾದ ದಿನದಿಂದ, ಹೋಗಿರದಿದ್ದರೆ ಶಿಕ್ಷೆಯಾದ ದಿನದಿಂದ ಎಣಿಕೆ. ಗೃಹಬಂಧನದಲ್ಲಿದ್ದ ಕಾಲವೂ ಬಂಧನವೇ, ಅದು ಮುಗಿದ ಮೇಲೆ ಲೆಕ್ಕ ಶುರು. ಉದಾಹರಣೆಗೆ 2019ರ ಜನವರಿಯಲ್ಲಿ ಹೊರಬಂದು, ಮೂರು ವರ್ಷದ ನಿಗಾ ಅವಧಿ 2022ರ ಜನವರಿಯಲ್ಲಿ ಮುಗಿದಿದ್ದರೆ, ಅರ್ಜಿ ಹಾಕಬಹುದಾದದ್ದು 2024ರ ಜನವರಿಯಿಂದ. ಪ್ರೊಬೇಷನ್ (ಜೈಲಿನ ಬದಲು ನಿಗಾದಲ್ಲಿರುವ ಶಿಕ್ಷೆ), ಪೆರೋಲ್ ಅಥವಾ ಬಿಡುಗಡೆಯ ನಂತರದ ನಿಗಾ ಇನ್ನೂ ನಡೆಯುತ್ತಿದ್ದರೆ ಐದು ವರ್ಷ ತುಂಬಿದ್ದರೂ ಹಾಕಬಾರದು. ನಡುವೆ ಬೇರೊಂದು ಪ್ರಕರಣದಲ್ಲಿ ಶಿಕ್ಷೆಯಾದರೆ ಆ ಹೊಸ ಶಿಕ್ಷೆಯಿಂದ ಮತ್ತೆ ಎಣಿಕೆ. ಕಾಯುವ ಅವಧಿಗೆ ವಿನಾಯಿತಿ ಕೋರಿ ಪತ್ರ ಬರೆಯಬಹುದು, ಸಿಗುವುದು ಅಪರೂಪ.

ಶಿಕ್ಷೆ ಕಡಿತಕ್ಕೆ ಇಂಥ ಗಡುವಿಲ್ಲ. ಆದರೆ ಮೇಲ್ಮನವಿ ಬಾಕಿಯಿದ್ದರೆ, ಅಥವಾ ನ್ಯಾಯಾಲಯದಲ್ಲೇ ಪರಿಹಾರ ಸಿಗುವಂತಿದ್ದರೆ, ಸಾಮಾನ್ಯವಾಗಿ ಅರ್ಜಿಯನ್ನು ಪರಿಗಣಿಸುವುದಿಲ್ಲ. ಜೈಲಿನಲ್ಲಿರುವವರಿಗೆ ಇದರ ನಮೂನೆ ಅಲ್ಲಿನ ವಾರ್ಡನ್ ಕಚೇರಿಯಲ್ಲೇ ಸಿಗುತ್ತದೆ. ಸೇನಾ ಪ್ರಕರಣಗಳ ಅರ್ಜಿ ಆಯಾ ಸೇನಾ ವಿಭಾಗದ ಕಾರ್ಯದರ್ಶಿಗೆ ಹೋಗಬೇಕು. ಮರಣದಂಡನೆಯಾದವರ ಗಡುವು ಬಹಳ ಬಿಗಿ: ದಿನ ನಿಗದಿಯಾದ ಸೂಚನೆ ಕೈಸೇರಿದ 30 ದಿನದೊಳಗೆ ಅರ್ಜಿ, ಅದಾದ 15 ದಿನದೊಳಗೆ ಪೂರಕ ಕಾಗದಪತ್ರ.

ಅರ್ಜಿಯನ್ನು ಬರೆಯುವುದು

ನಮೂನೆ ಸಿಗುವುದು ಕ್ಷಮಾದಾನದ ಅರ್ಜಿಗಳನ್ನು ನೋಡಿಕೊಳ್ಳುವ, ನ್ಯಾಯ ಇಲಾಖೆಯ ಪಾರ್ಡನ್ ಅಟಾರ್ನಿ ಕಚೇರಿಯ ಜಾಲತಾಣದಲ್ಲಿ. ಹಳೆಯ ಪ್ರತಿಗಳು ಅಲ್ಲಿ ಇಲ್ಲಿ ಓಡಾಡುತ್ತಿರುತ್ತವೆ, ಕಚೇರಿಯ ತಾಣದಿಂದಲೇ ಹೊಸದನ್ನು ಇಳಿಸಿಕೊಳ್ಳಿ. ತೀರ್ಪಿನ ಪ್ರತಿ, ದೋಷಾರೋಪಣೆಯ ಪ್ರತಿ, ದಂಡ ಮತ್ತು ಪರಿಹಾರ ಕಟ್ಟಿದ ರಸೀದಿಗಳನ್ನು ನಮೂನೆ ತುಂಬುವ ಮೊದಲೇ ಒಂದು ಕಡೆ ಜೋಡಿಸಿಟ್ಟುಕೊಳ್ಳಿ. ದಿನಾಂಕಗಳನ್ನು ನೆನಪಿನಿಂದ ಬರೆಯಲೇಬೇಡಿ.

ಅರ್ಜಿಯ ಜೀವಾಳ ಅಪರಾಧದ ವಿವರಣೆ. ಹೆಚ್ಚಿನವರು ಇಲ್ಲಿ ಕಾನೂನಿನ ಸೆಕ್ಷನ್ ಬರೆದು, ‘ಪಾಲುದಾರರನ್ನು ನಂಬಿ ಸಿಕ್ಕಿಹಾಕಿಕೊಂಡೆ’ ಎಂದು ಮುಗಿಸಿಬಿಡುತ್ತಾರೆ. ಓದುವ ಅಧಿಕಾರಿಯ ಎದುರು ಪ್ರಕರಣದ ಕಡತವೇ ಇರುತ್ತದೆ. ‘2012ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ನಡೆಯದ ಕೆಲಸಕ್ಕೆ ಹನ್ನೊಂದು ಬಿಲ್ ಕಳಿಸಿದೆ, 42,000 ಡಾಲರ್ ಪಡೆದೆ, ಸುಳ್ಳೆಂದು ಆಗಲೇ ಗೊತ್ತಿತ್ತು’ ಎಂಬಷ್ಟು ನೇರವಾಗಿ ಬರೆಯಬೇಕು. ಯಾರಿಗೆ ನಷ್ಟವಾಯಿತು, ಎಷ್ಟು ತೀರಿಸಿದಿರಿ, ಎಷ್ಟು ಬಾಕಿ ಎಂಬುದು ಅದರ ಬೆನ್ನಿಗೇ ಬರಲಿ. ಹಣದ ಕಷ್ಟ, ಕಾಯಿಲೆ, ಕುಡಿತ ಏನಾದರೂ ಕಾರಣವಿದ್ದರೆ ಹೇಳಿ, ಆದರೆ ತಪ್ಪೊಪ್ಪಿಗೆಯ ನಂತರ. ಮೊದಲೇ ಹೇಳಿದರೆ ನೆಪದಂತೆ ಓದಿಸಿಕೊಳ್ಳುತ್ತದೆ. ‘ನಾನು ಮಾಡಿಯೇ ಇಲ್ಲ’ ಎಂಬ ನೆಲೆಯಲ್ಲೂ ಕೇಳಲು ಅವಕಾಶವಿದೆ. ಆದರೆ ಇದು ಮೇಲ್ಮನವಿ ನ್ಯಾಯಾಲಯವಲ್ಲ, ಆ ಹೊರೆ ಹೊರುವುದು ಬಹಳ ಕಷ್ಟ.

ಎರಡನೆಯದು ಬೇರೆ ಪ್ರಕರಣಗಳ ಪಟ್ಟಿ. ಕೈಬಿಟ್ಟ ಕೇಸು, ಖುಲಾಸೆಯಾದದ್ದು, ಹದಿನೆಂಟರ ವಯಸ್ಸಿನಲ್ಲಿ ಆದ ಬಂಧನ, ಕುಡಿದು ಗಾಡಿ ಓಡಿಸಿದ್ದು, ಎಲ್ಲವನ್ನೂ ಬರೆಯಿರಿ. ಅರ್ಜಿಗೆ ತಕ್ಕಮಟ್ಟಿನ ತಿರುಳಿದೆ ಎನಿಸಿದರೆ ಎಫ್‌ಬಿಐ ಹಿನ್ನೆಲೆ ತನಿಖೆ ನಡೆಸುತ್ತದೆ. ನೆರೆಹೊರೆ, ಕೆಲಸದ ಜಾಗ, ಸಾಲ, ತೆರಿಗೆ ಎಲ್ಲವನ್ನೂ ಜಾಲಾಡುತ್ತದೆ. ನೀವೇ ಹೇಳಿದ ಸಣ್ಣ ಕೇಸು ಅರ್ಜಿಯನ್ನು ಅಷ್ಟಾಗಿ ಕೆಡಿಸುವುದಿಲ್ಲ, ಮುಚ್ಚಿಟ್ಟು ಸಿಕ್ಕಿಬಿದ್ದದ್ದು ಕೆಡಿಸುತ್ತದೆ. ಬೇಕೆಂದೇ ಸುಳ್ಳು ಬರೆದರೆ ಅದೇ ಐದು ವರ್ಷದವರೆಗೆ ಜೈಲು ಶಿಕ್ಷೆಯ ಹೊಸ ಫೆಡರಲ್ ಅಪರಾಧ. ತೆರಿಗೆ ಬಾಕಿಯಿದ್ದರೆ ಕಂತಿನ ಒಪ್ಪಂದ ಮಾಡಿಕೊಂಡು, ಅದರ ಪ್ರತಿ ಲಗತ್ತಿಸಿ.

ಬೆಂಬಲ ಪತ್ರಗಳು ಕನಿಷ್ಠ ಮೂರು ಬೇಕು. ರಕ್ತಸಂಬಂಧಿಗಳದ್ದಾಗಲಿ, ಮದುವೆಯಿಂದಾದ ಬಂಧುಗಳದ್ದಾಗಲಿ ಆ ಮೂರರಲ್ಲಿ ಸಲ್ಲದು. ಭಾವನ ಪತ್ರ, ಬೀಗರ ಪತ್ರ ನಡೆಯುವುದಿಲ್ಲ. ಬರೆಯುವವರಿಗೆ ನಿಮ್ಮ ಅಪರಾಧ ಗೊತ್ತಿರಬೇಕು, ಗೊತ್ತಿದೆ ಎಂದು ಪತ್ರದಲ್ಲೂ ಇರಬೇಕು. ಕನ್ನಡ ಕೂಟದ ಪದಾಧಿಕಾರಿಯೊಬ್ಬರು ಲೆಟರ್‌ಹೆಡ್‌ನಲ್ಲಿ ‘ಇವರು ಸಜ್ಜನರು, ಎಲ್ಲರಿಗೂ ಬೇಕಾದವರು’ ಎಂದು ಬರೆದುಕೊಟ್ಟರೆ ಅದರಿಂದ ಏನೂ ಗಿಟ್ಟುವುದಿಲ್ಲ. ಅದೇ ವ್ಯಕ್ತಿ ‘ಇವರ ಮೇಲಿನ ತೆರಿಗೆ ಪ್ರಕರಣ ನನಗೆ ಗೊತ್ತು, ಗೊತ್ತಿದ್ದೂ ಆರು ವರ್ಷ ಕೂಟದ ಲೆಕ್ಕಪತ್ರ ಇವರ ಕೈಯಲ್ಲಿಟ್ಟೆವು, ಪ್ರತಿ ವರ್ಷ ಲೆಕ್ಕ ತಾಳೆಯಾಗಿದೆ’ ಎಂದು ಬರೆದರೆ ಅದಕ್ಕೆ ತೂಕವಿದೆ. ಮೂರೂ ಪತ್ರಗಳ ಒಕ್ಕಣೆ ಒಂದೇ ಥರ ಇದ್ದರೆ ನೀವೇ ಬರೆದುಕೊಟ್ಟದ್ದು ಎಂದು ತಿಳಿದುಹೋಗುತ್ತದೆ.

ಕ್ಷಮಾದಾನ ಏಕೆ ಬೇಕು ಎಂಬ ಪ್ರಶ್ನೆಗೆ ‘ಕಳಂಕ ತೊಳೆಯಲು’ ಎಂದಷ್ಟೇ ಬರೆದರೂ ಸಲ್ಲುತ್ತದೆ. ಆದರೆ ನಿರ್ದಿಷ್ಟ ಅಡ್ಡಿ ಇದ್ದರೆ ಅರ್ಜಿ ಗಟ್ಟಿಯಾಗುತ್ತದೆ: ಯಾವ ಮಂಡಳಿ, ಯಾವ ಲೈಸೆನ್ಸ್, ಯಾವಾಗ ನಿರಾಕರಿಸಿತು, ಆ ಪತ್ರದ ಪ್ರತಿ.

ಕಳಿಸಿದ ಮೇಲೆ

ಪಾರ್ಡನ್ ಅಟಾರ್ನಿ ಕಚೇರಿ ಪ್ರಕರಣ ನಡೆಸಿದ ಸರ್ಕಾರಿ ಅಟಾರ್ನಿಯ, ಶಿಕ್ಷೆ ಕೊಟ್ಟ ನ್ಯಾಯಾಧೀಶರ ಅಭಿಪ್ರಾಯ ಪಡೆಯುತ್ತದೆ. ಶಿಫಾರಸು ಡೆಪ್ಯುಟಿ ಅಟಾರ್ನಿ ಜನರಲ್ ಮೂಲಕ ಶ್ವೇತಭವನಕ್ಕೆ ಹೋಗುತ್ತದೆ. ವಿಚಾರಣೆ, ಹಾಜರಿ ಇರುವುದಿಲ್ಲ. ಇಷ್ಟು ದಿನದಲ್ಲಿ ತೀರ್ಮಾನವಾಗಬೇಕು ಎಂಬ ನಿಯಮವೂ ಇಲ್ಲ, ವರ್ಷಗಳೇ ಹಿಡಿಯುತ್ತವೆ. ಈ ನಡುವೆ ವಿಳಾಸ, ಫೋನ್, ಕೆಲಸ ಬದಲಾದರೆ ತಿಳಿಸಿ. ಕಚೇರಿ ಬರೆದ ಪತ್ರಕ್ಕೆ ಉತ್ತರವಿಲ್ಲದೆ ಕಡತ ಮುಚ್ಚಿಹೋಗುವುದುಂಟು.

ಭಾರತದ 72ನೇ ವಿಧಿಯಡಿ ರಾಷ್ಟ್ರಪತಿ ಸಚಿವ ಸಂಪುಟದ ಸಲಹೆಯಂತೆ ನಡೆಯಬೇಕು. ಅಮೆರಿಕದಲ್ಲಿ ಹಾಗಿಲ್ಲ. ಇಲಾಖೆಯ ಶಿಫಾರಸು ಅಧ್ಯಕ್ಷರನ್ನು ಕಟ್ಟಿಹಾಕುವುದಿಲ್ಲ, ಐದು ವರ್ಷದ ನಿಯಮವೂ ಕಟ್ಟಿಹಾಕುವುದಿಲ್ಲ. ಮುಂಬೈಯಲ್ಲಿ ಹುಟ್ಟಿದ ದಿನೇಶ್ ಡಿಸೋಜಾ ಅವರಿಗೆ ಚುನಾವಣಾ ದೇಣಿಗೆ ಪ್ರಕರಣದಲ್ಲಿ 2014ರಲ್ಲಿ ಐದು ವರ್ಷದ ಪ್ರೊಬೇಷನ್ ಆಗಿತ್ತು, ಅದು ಮುಗಿಯುವ ಮೊದಲೇ 2018ರ ಮೇ 31ರಂದು ಕ್ಷಮಾದಾನ ಬಂತು. ಇದು ಅನ್ಯಾಯ ಎನಿಸುವುದು ಸಹಜ. ಸರದಿಯಲ್ಲಿ ಕಾದವರ ಪಾಲಿಗೆ ಅದು ಅನ್ಯಾಯವೇ. ಆದರೂ ‘ಒಳಗಿನವರ ಪರಿಚಯವಿದೆ, ಇಷ್ಟು ಕೊಡಿ, ಮಾಡಿಸಿಕೊಡುತ್ತೇವೆ’ ಎನ್ನುವವರಿಗೆ ದುಡ್ಡು ಕೊಡಬೇಡಿ. ಪ್ರಭಾವದ ವಾಸನೆ ಬಂದರೆ ಸಿಕ್ಕಿದ್ದೂ ಕೈತಪ್ಪಬಹುದು: 2008ರ ಡಿಸೆಂಬರ್ 23ರಂದು ಬುಷ್ ಪ್ರಕಟಿಸಿದ ಐಸಾಕ್ ಟೂಸಿ ಅವರ ಕ್ಷಮಾದಾನವನ್ನು, ತಂದೆ ಪಕ್ಷಕ್ಕೆ ದೇಣಿಗೆ ಕೊಟ್ಟಿದ್ದ ಸುದ್ದಿ ಬಂದ ಮೇಲೆ, ಮರುದಿನವೇ ಹಿಂದಕ್ಕೆ ಪಡೆದರು. ಆದೇಶ ಇನ್ನೂ ಅವರ ಕೈಸೇರಿರಲಿಲ್ಲ.

ನಿರಾಕರಣೆಗೆ ಕಾರಣ ಹೇಳುವುದಿಲ್ಲ, ಮೇಲ್ಮನವಿಯೂ ಇಲ್ಲ. ಕ್ಷಮಾದಾನಕ್ಕೆ ಎರಡು ವರ್ಷದ ನಂತರ, ಶಿಕ್ಷೆ ಕಡಿತಕ್ಕೆ ಒಂದು ವರ್ಷದ ನಂತರ ಮತ್ತೆ ಹಾಕಬಹುದು. ಆಗ ಹಳೆಯ ಅರ್ಜಿಯನ್ನೇ ನಕಲು ಮಾಡದೆ, ಈ ನಡುವೆ ಕಟ್ಟಿದ ಬಾಕಿ, ಹೊಸ ಕೆಲಸ, ಹೊಸ ಪತ್ರಗಳನ್ನು ಸೇರಿಸಿ.

ಮಂಜೂರಾದರೆ ಆದೇಶದ ಪತ್ರವನ್ನು ಹಲವು ಪ್ರತಿ ಮಾಡಿಸಿ, ಮೂಲವನ್ನು ಭದ್ರವಾಗಿಡಿ. ನಿಮ್ಮ ಹೆಸರು ಸಾರ್ವಜನಿಕ ಪಟ್ಟಿಯಲ್ಲಿ ಬರುತ್ತದೆ, ಹಳೆಯ ಪ್ರಕರಣ ಮರೆತಿದ್ದವರಿಗೂ ಅದು ಕಾಣುತ್ತದೆ, ಮನೆಯವರನ್ನು ಇದಕ್ಕೆ ಸಿದ್ಧಪಡಿಸಿ. ಕೆಲಸದ ಅರ್ಜಿಯಲ್ಲಿ ‘ಎಂದಾದರೂ ಶಿಕ್ಷೆಯಾಗಿತ್ತೇ’ ಎಂದು ಕೇಳಿದರೆ ಉತ್ತರ ‘ಹೌದು’ ಎಂದೇ ಇರಬೇಕು. ಅದರ ಮುಂದೆ ಕ್ಷಮಾದಾನದ ದಿನಾಂಕ ಬರೆದು, ಆದೇಶದ ಒಂದು ಪ್ರತಿ ಲಗತ್ತಿಸಿ.