ಕೋಳಿಗೂಡಿಗೆ ಕೈ ಹಾಕಿದ ಕಳ್ಳ

ನಾವಿರುವುದು ಟೆಕ್ಸಾಸ್‌ನಲ್ಲಿ, ಆಸ್ಟಿನ್‌ನಿಂದ ಸ್ವಲ್ಪ ಆಚೆ. ಹಿತ್ತಲಲ್ಲಿ 6 ಕೋಳಿ ಇದ್ದವು. ಒಂದೇ ವಾರದಲ್ಲಿ ಎರಡು ಹೋದವು. ಬಾಗಿಲು ಹಾಕಿದ ಹಾಗೇ ಇತ್ತು, ಒಳಗೆ ತಲೆಯಿಲ್ಲದ ಕೋಳಿ!

ಪಕ್ಕದ ಮನೆಯ ಅಜ್ಜ ನವೆಂಬರ್ ಬಂತೆಂದರೆ ವಾರದ ಕೊನೆಗೆ ರ‍್ಯಾಂಚ್‌ನಲ್ಲೇ, ಜಿಂಕೆ ಬೇಟೆಗೆ. ಹೆಜ್ಜೆಗುರುತು ಓದುವುದು ಅವರಿಗೆ ಪೇಪರ್ ಓದಿದಷ್ಟೇ ಸಲೀಸು. ಕೆಸರಿನಲ್ಲಿ ಪುಟ್ಟ ಮಗುವಿನ ಅಂಗೈಯಂಥ ಗುರುತು ತೋರಿಸಿ, ರಕೂನ್ ಎಂದರು. ಅದು ರಾತ್ರಿ ಓಡಾಡುವ ಕಾಡುಪ್ರಾಣಿ, ಮುಂಗಾಲು ಥೇಟ್ ಕೈಯಂತೆ.

ತಪ್ಪು ನನ್ನದೇ. ನಾನು ಹಾಕಿದ್ದು ಆರು ಮೂಲೆ ಕಣ್ಣಿನ ತೆಳು ಜಾಲರಿ. ಅದು ಕೋಳಿಯನ್ನು ಒಳಗಿಡುತ್ತದೆ ಅಷ್ಟೇ. ರಕೂನ್ ಕೈ ತೂರಿಸಿ ಎಳೆಯುತ್ತದೆ, ಬೇಕಾದರೆ ಜಾಲರಿಯನ್ನೇ ಹರಿಯುತ್ತದೆ.

ಬೇಕಿದ್ದದ್ದು ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ. ಇಲ್ಲಿ ಹಾರ್ಡ್‌ವೇರ್ ಕ್ಲಾತ್ ಎನ್ನುತ್ತಾರೆ, ಬಟ್ಟೆಗೂ ಅದಕ್ಕೂ ಸಂಬಂಧವಿಲ್ಲ. ತರಲು ಹೊರಟರೆ ಹಳೇ ಪಿಕಪ್ ಸ್ಟಾರ್ಟೇ ಆಗಲಿಲ್ಲ. ಬ್ಯಾಟರಿ ಟರ್ಮಿನಲ್ ತುಂಬಾ ಬಿಳಿ ಪುಡಿ. ಕೇಬಲ್ ಬಿಚ್ಚಿ, ಅಡುಗೆ ಸೋಡಾ ನೀರು ಹಾಕಿ ಹಳೇ ಬ್ರಷ್‌ನಿಂದ ಉಜ್ಜಿದೆ. ಸರಿಹೋಯಿತು.

ಹೊಸ ಜಾಲರಿಗೆ ಸ್ಟೇಪಲ್ ಸಾಲದು ಅಂತ ಸ್ಕ್ರೂ, ವಾಷರ್ ಹಾಕಿದೆ. ಸುತ್ತ 1 ಅಡಿ ನೆಲದೊಳಗೆ ಹೂತೆ. ರಕೂನ್‌ಗೆ ಸಾದಾ ಕೊಕ್ಕೆ ತೆಗೆಯುವುದು ಗೊತ್ತು, ಹಾಗಾಗಿ ಚಿಲಕಕ್ಕೆ ಕ್ಯಾರಬೀನರ್, ಅಂದರೆ ಸ್ಪ್ರಿಂಗ್ ಇರುವ ಲೋಹದ ಕೊಂಡಿ, ಸಿಕ್ಕಿಸಿದೆ.

ಮರುದಿನ ಚಿಲಕದ ಮೇಲೆ ಕೆಸರಿನ ಕೈಗುರುತು ಇತ್ತು. ಕೋಳಿ ನಾಲ್ಕೂ ಇದ್ದವು.