ಒಂದು ಫೋನು, ನಲವತ್ತು ಮಕ್ಕಳು: ಪ್ರೌಢಶಾಲೆಯ ತರಗತಿಗೆ ಒದಗುವ ಆನ್‌ಲೈನ್ ಸಾಧನಗಳು

ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಆನ್‌ಲೈನ್ ಸಾಧನ ಬಳಸಲು ಹೊರಟವರು ಮೊದಲು ಲೆಕ್ಕ ಹಾಕಬೇಕಾದದ್ದು ಫೋನುಗಳದ್ದು. ತರಗತಿಯಲ್ಲಿ ಮಕ್ಕಳ ಕೈಲಿ ಫೋನ್ ಇರುವುದಿಲ್ಲ. ಮನೆಯಲ್ಲಿರುವುದು ಅಪ್ಪನ ಫೋನು, ಅದು ಸಿಗುವುದು ಅವರು ಕೆಲಸ ಮುಗಿಸಿ ಬಂದ ಮೇಲೆ, ಅದೂ ಅಕ್ಕ ತಮ್ಮ ಇಬ್ಬರಿಗೂ ಸೇರಿ ಒಂದೇ. ಶಾಲೆಯಲ್ಲಿ ಇರುವುದು ಶಿಕ್ಷಕರ ಫೋನು, ಒಂದು ಲ್ಯಾಪ್‌ಟಾಪ್, ಕರೆಂಟ್ ಇದ್ದ ದಿನ ಪ್ರೊಜೆಕ್ಟರ್. ತರಬೇತಿಗಳಲ್ಲಿ ಇಪ್ಪತ್ತು ಆ್ಯಪ್‌ಗಳ ಹೆಸರು ಬರೆಸಿದರೂ ಇಷ್ಟು ಸಲಕರಣೆಯಲ್ಲಿ ವರ್ಷವಿಡೀ ನಡೆಯುವಂಥವು ನಾಲ್ಕೈದು ಮಾತ್ರ. ಅವುಗಳ ಬಗ್ಗೆಯೇ ಇಲ್ಲಿ ಹೇಳಿದೆ.

ಅಂಕವಹಿಯಿಂದ ಶುರು ಮಾಡಿ

ಪಾಠಕ್ಕಿಂತ ಮೊದಲು ಲೆಕ್ಕಪತ್ರ ಸರಿಮಾಡಿಕೊಂಡರೆ ಉಳಿಯುವ ಸಮಯವೇ ಪಾಠಕ್ಕೆ ಸಿಗುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ತರಗತಿಗೊಂದು ಫೈಲ್ ತೆರೆಯಿರಿ. ಒಳಗೆ ಮೂರು ಹಾಳೆ ಸಾಕು: ಹೆಸರುಪಟ್ಟಿ, ಹಾಜರಿ, ಅಂಕ. ಮೊದಲ ಕಾಲಂನಲ್ಲಿ ಕ್ರಮಸಂಖ್ಯೆ, ಎರಡನೆಯದರಲ್ಲಿ ಹೆಸರು. ಅಂಕದ ಹಾಳೆಯಲ್ಲಿ ರೂಪಣಾತ್ಮಕ (ಎಫ್‌ಎ) ಮತ್ತು ಸಂಕಲನಾತ್ಮಕ (ಎಸ್‌ಎ) ಮೌಲ್ಯಮಾಪನಗಳಿಗೆ ಎಫ್‌ಎ 1, ಎಫ್‌ಎ 2, ಎಸ್‌ಎ 1, ಎಫ್‌ಎ 3, ಎಫ್‌ಎ 4, ಎಸ್‌ಎ 2 ಎಂದು ಪರೀಕ್ಷೆ ನಡೆಯುವ ಕ್ರಮದಲ್ಲೇ ಕಾಲಂ ಇರಲಿ. ಆಮೇಲೆ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯ ಜಾಲತಾಣವಾದ ಸ್ಯಾಟ್ಸ್‌ಗೆ ಅಂಕ ಏರಿಸುವಾಗ ಕಣ್ಣು ಅತ್ತಿತ್ತ ಓಡಾಡುವುದು ತಪ್ಪುತ್ತದೆ. ಮೇಲಿನ ಸಾಲನ್ನೂ ಎಡಗಡೆಯ ಎರಡು ಕಾಲಂಗಳನ್ನೂ, ಹಾಳೆ ಜರುಗಿಸಿದರೂ ಕಣ್ಣಿಗೆ ಕಾಣುವಂತೆ ‘ಫ್ರೀಜ್’ ಮಾಡಿ.

ಶೀಟ್ ಕೆಡುವುದು ಸಾಮಾನ್ಯವಾಗಿ ನಾಲ್ಕು ಕಡೆ.

ಒಂದು, ಅಂಕವನ್ನು 8/10 ಎಂದು ಬರೆಯುವುದು. ಶೀಟ್ ಅದನ್ನು ದಿನಾಂಕ ಎಂದು ಓದಿಕೊಳ್ಳುತ್ತದೆ. ನೋಡಲು 8/10 ಎಂದೇ ಕಾಣಬಹುದು, ಕೂಡಿಸಿದಾಗ ಮಾತ್ರ ಮಗುವಿನ ಒಟ್ಟು ಅಂಕ 45 ಸಾವಿರ ದಾಟಿರುತ್ತದೆ. ಸೆಲ್‌ನಲ್ಲಿ 8 ಮಾತ್ರ ಇರಲಿ, ಗರಿಷ್ಠ ಅಂಕವನ್ನು ಕಾಲಂನ ತಲೆಬರಹದಲ್ಲಿ ಬರೆಯಿರಿ.

ಎರಡು, ಪರೀಕ್ಷೆಗೆ ಬಾರದವರಿಗೆ ಸೊನ್ನೆ ಹಾಕುವುದು. ಸೊನ್ನೆ ಹಾಕಿದರೆ ತರಗತಿಯ ಸರಾಸರಿ ಕುಸಿಯುತ್ತದೆ. ಖಾಲಿ ಬಿಟ್ಟರೆ ಗೈರೋ, ಇನ್ನೂ ತುಂಬಿಲ್ಲವೋ ಎಂಬುದು ತಿಂಗಳಾದ ಮೇಲೆ ಗೊತ್ತಾಗದು. ‘ಗೈ’ ಎಂದು ಬರೆಯಿರಿ. ಸರಾಸರಿಯ ಸೂತ್ರ ಅಕ್ಷರಗಳಿರುವ ಸೆಲ್ ಬಿಟ್ಟು ಉಳಿದದ್ದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಾಜರಿಯ ಹಾಳೆಯಲ್ಲೂ ಬಂದವರಿಗೆಲ್ಲ ಗುರುತು ಹಾಕುವ ಗೋಜು ಬೇಡ, ಬಾರದವರಿಗಷ್ಟೇ ‘ಗೈ’ ಹಾಕಿ ಕೌಂಟಿಫ್ ಸೂತ್ರದಿಂದ ಎಣಿಸಿದರೆ ತಿಂಗಳ ಕೊನೆಯ ಲೆಕ್ಕ ತಾನಾಗಿ ಬರುತ್ತದೆ.

ಮೂರು, 20ರ ಪರೀಕ್ಷೆಗೆ 71 ಎಂದು ಬೆರಳು ತಪ್ಪಿ ಬೀಳುವುದು. ‘ಡೇಟಾ ವ್ಯಾಲಿಡೇಶನ್’ನಲ್ಲಿ 0ರಿಂದ 20ರ ಒಳಗೆ ಎಂದು ಮಿತಿ ಕೊಡಿ. ಅಲ್ಲಿ ‘ತಿರಸ್ಕರಿಸು’ ಆಯ್ದರೆ ‘ಗೈ’ ಎಂಬುದನ್ನೂ ಅದು ಒಳಗೆ ಬಿಡುವುದಿಲ್ಲ. ಆದ್ದರಿಂದ ‘ಎಚ್ಚರಿಕೆ ತೋರಿಸು’ ಆಯ್ಕೆಯೇ ಸರಿ. ತಪ್ಪು ಸೆಲ್‌ನ ಮೂಲೆಯಲ್ಲಿ ಕೆಂಪು ಗುರುತು ಕಾಣುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ದುಬಾರಿ. ಹೆಸರಿನ ಕಾಲಂ ಒಂದನ್ನೇ ಆರಿಸಿ ‘ಸಾರ್ಟ್ ರೇಂಜ್’ ಒತ್ತಿದರೆ ಹೆಸರುಗಳು ಸ್ಥಳ ಬದಲಿಸುತ್ತವೆ, ಅಂಕಗಳು ಇದ್ದಲ್ಲೇ ಇರುತ್ತವೆ. ಅನಿತಾಳ ಅಂಕ ಬಸವರಾಜನಿಗೆ ಹೋಗಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಯಾವಾಗಲೂ ‘ಸಾರ್ಟ್ ಶೀಟ್’ ಬಳಸಿ. ಅನಾಹುತ ಆಗಿಹೋಗಿದ್ದರೆ ಫೈಲ್ ಮೆನುವಿನ ‘ವರ್ಷನ್ ಹಿಸ್ಟರಿ’ಗೆ ಹೋಗಿ ಕೆಡುವ ಮೊದಲಿನ ಪ್ರತಿಯನ್ನು ಮರಳಿ ತರಬಹುದು.

ಫೋನಿನ ಶೀಟ್ಸ್ ಆ್ಯಪ್‌ನಲ್ಲಿ ಆ ಫೈಲನ್ನು ಆಫ್‌ಲೈನ್‌ಗೆ ಇಟ್ಟುಕೊಳ್ಳಿ. ನೆಟ್‌ವರ್ಕ್ ಸಿಗದ ಕೋಣೆಯಲ್ಲೂ ತುಂಬಬಹುದು, ಸಿಕ್ಕಾಗ ಅದೇ ಸೇರಿಕೊಳ್ಳುತ್ತದೆ. ಫೈಲ್ ಹಂಚುವಾಗ ‘ಲಿಂಕ್ ಇರುವ ಯಾರಾದರೂ’ ಎಂಬ ಆಯ್ಕೆ ಬೇಡವೇ ಬೇಡ. ಸಹಶಿಕ್ಷಕರ ಮೇಲ್ ವಿಳಾಸ ಹಾಕಿ ಹಂಚಿ. ಆಧಾರ್ ಸಂಖ್ಯೆ, ಜಾತಿ, ಬ್ಯಾಂಕ್ ಖಾತೆ ಈ ಫೈಲಿನೊಳಗೆ ಬರುವ ಅಗತ್ಯವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅಂದರೆ ಪ್ರೌಢಶಾಲೆಯ ಪೂರ್ತಿ ಹಾಜರಿಪಟ್ಟಿ ಮಕ್ಕಳ ದತ್ತಾಂಶ.

ಕಾಗದದ ಕಾರ್ಡಿನ ರಸಪ್ರಶ್ನೆ

‘ಎಲ್ಲರಿಗೂ ಅರ್ಥವಾಯ್ತಾ?’ ಎಂದರೆ ನಲವತ್ತು ಮಕ್ಕಳೂ ‘ಹೂಂ ಸಾರ್’ ಎನ್ನುತ್ತಾರೆ. ನಿಜಸ್ಥಿತಿ ತಿಳಿಯಲು ಮಕ್ಕಳಿಗೆ ಫೋನ್ ಬೇಡದ ಸಾಧನವೆಂದರೆ ಪ್ಲಿಕರ್ಸ್. ಪ್ರತಿ ಮಗುವಿಗೆ ಒಂದು ಕಾಗದದ ಕಾರ್ಡು, ಅದರ ಮೇಲೆ ಕಪ್ಪುಬಿಳುಪು ಚಿತ್ರ. ಚಿತ್ರದ ನಾಲ್ಕು ಬದಿಗೆ ಎ, ಬಿ, ಸಿ, ಡಿ ಎಂದು ಸಣ್ಣದಾಗಿ ಅಚ್ಚಾಗಿರುತ್ತದೆ. ಮಗು ತನ್ನ ಉತ್ತರದ ಬದಿಯನ್ನು ಮೇಲೆ ಮಾಡಿ ಹಿಡಿಯುತ್ತದೆ, ಶಿಕ್ಷಕರು ಫೋನಿನ ಕ್ಯಾಮೆರಾವನ್ನು ಕೋಣೆಯುದ್ದಕ್ಕೂ ತಿರುಗಿಸಿದರೆ ಯಾರು ಏನು ಉತ್ತರಿಸಿದರು ಎಂಬುದು ದಾಖಲಾಗುತ್ತದೆ. ಪ್ರತಿ ಕಾರ್ಡಿನ ಚಿತ್ರ ಬೇರೆಯಾದ್ದರಿಂದ ಪಕ್ಕದವರ ಕಾರ್ಡು ಹಿಡಿದ ರೀತಿ ನೋಡಿ ನಕಲು ಮಾಡಲಾಗದು.

ಪ್ಲಿಕರ್ಸ್ ಜಾಲತಾಣದಲ್ಲಿ ಉಚಿತ ಖಾತೆ ತೆರೆದು ತರಗತಿ ಸೇರಿಸಿ. ಹೆಸರುಗಳನ್ನು ಹಾಜರಿ ಕ್ರಮದಲ್ಲೇ ಹಾಕಿ, ಕಾರ್ಡಿನ ಸಂಖ್ಯೆ ಮತ್ತು ಕ್ರಮಸಂಖ್ಯೆ ಒಂದೇ ಇರುವಂತೆ ನೋಡಿಕೊಳ್ಳಿ. ಆಗ ‘ನನ್ನ ಕಾರ್ಡ್ ಯಾವ್ದು ಮಿಸ್’ ಎಂಬ ಗದ್ದಲ ಇರುವುದಿಲ್ಲ. 40 ಕಾರ್ಡುಗಳ ಕಟ್ಟನ್ನು ಎ4 ಹಾಳೆಗೆ ಎರಡರಂತೆ ಮುದ್ರಿಸಿದರೆ 20 ಹಾಳೆ ಆಗುತ್ತದೆ. ಕತ್ತರಿಸಿ ಹಳೆಯ ಲಗ್ನಪತ್ರಿಕೆಯ ರಟ್ಟಿಗೆ ಅಂಟಿಸಿ, ಹಿಂಬದಿಯಲ್ಲಿ ಸಂಖ್ಯೆಯನ್ನು ದಪ್ಪಗೆ ಬರೆಯಿರಿ. ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ. ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಬಿದ್ದು ಮಿಂಚಿದರೆ ಕ್ಯಾಮೆರಾಗೆ ಚಿತ್ರ ಕಾಣದು.

ಸ್ಕ್ಯಾನ್ ಆಗದಿದ್ದರೆ ಕಾರಣ ಹೆಚ್ಚಾಗಿ ಎರಡೇ. ಮಗುವಿನ ಬೆರಳು ಚಿತ್ರದ ಕಪ್ಪು ಭಾಗದ ಮೇಲಿದೆ, ಇಲ್ಲವೇ ಮಗುವಿನ ಬೆನ್ನ ಹಿಂದೆ ಕಿಟಕಿಯ ಬಿಸಿಲಿದೆ. ಕಾರ್ಡನ್ನು ಎದೆಯ ಮಟ್ಟಕ್ಕೆ, ಅಂಚಿನಲ್ಲಿ ಹಿಡಿಯಲು ಮೊದಲ ದಿನವೇ ಅಭ್ಯಾಸ ಮಾಡಿಸಿ. ಹಿಂದಿನ ಬೆಂಚಿನ ಕಾರ್ಡು ಓದಿಕೊಳ್ಳದಿದ್ದರೆ ನಡುದಾರಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋಗಿ. ಫೋನಿಗೆ ಇಂಟರ್ನೆಟ್ ಬೇಕು.

ಉಚಿತ ಖಾತೆಯಲ್ಲಿ ಒಂದು ರಸಪ್ರಶ್ನೆಗೆ 5 ಪ್ರಶ್ನೆ ಮಾತ್ರ. ಅದು ಕೊರತೆ ಅನ್ನಿಸಬಹುದು, ಆದರೆ 40 ನಿಮಿಷದ ಅವಧಿಯಲ್ಲಿ ಮೂರು ಒಳ್ಳೆಯ ಪ್ರಶ್ನೆಗೇ ಸಮಯ ಸಾಲದು. ಒಳ್ಳೆಯ ಪ್ರಶ್ನೆ ಎಂದರೆ ತಪ್ಪು ಉತ್ತರಗಳೂ ಏನನ್ನಾದರೂ ಹೇಳಬೇಕು. 1/2 + 1/3 ಎಷ್ಟು ಎಂಬ ಪ್ರಶ್ನೆಗೆ 5/6 ಸರಿಯುತ್ತರ. ಜೊತೆಗೆ 2/5 ಇಡಿ: ಅದನ್ನು ಆಯ್ದವರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ್ದಾರೆ. 1/6 ಇಡಿ: ಅವರು ಗುಣಿಸಿದ್ದಾರೆ. 2/6 ಇಡಿ: ಛೇದ ಸಮ ಮಾಡಿದ್ದಾರೆ, ಅಂಶ ಬದಲಿಸಲು ಮರೆತಿದ್ದಾರೆ. ಮುಂದೆ ಏನು ಕಲಿಸಬೇಕು ಎಂಬುದು ಈ ಎಣಿಕೆಯಲ್ಲೇ ಇದೆ.

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ರೂಪಿಸಿದ ಪದ್ಧತಿ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಸುಮಾರು ಶೇ 30ರಿಂದ 70ರಷ್ಟು ಮಕ್ಕಳು ಸರಿಯುತ್ತರ ಕೊಟ್ಟರೆ ಉತ್ತರ ಹೇಳಬೇಡಿ. ಪಕ್ಕದವರೊಡನೆ ಎರಡು ನಿಮಿಷ ವಾದ ಮಾಡಲು ಬಿಟ್ಟು ಅದೇ ಪ್ರಶ್ನೆಯನ್ನು ಮತ್ತೆ ಸ್ಕ್ಯಾನ್ ಮಾಡಿ. ಅದಕ್ಕಿಂತ ಕಡಿಮೆಯಾದರೆ ಚರ್ಚಿಸಿ ಫಲವಿಲ್ಲ, ಪಾಠವನ್ನೇ ಇನ್ನೊಂದು ರೀತಿಯಲ್ಲಿ ಹೇಳಿ. ಹೆಚ್ಚಾದರೆ ಮುಂದಕ್ಕೆ ಹೋಗಿ. ಆದರೆ ಮೊದಲ ಸಲದ ಫಲಿತಾಂಶವನ್ನು ಪರದೆಯ ಮೇಲೆ ತೋರಿಸಬೇಡಿ, ಹೆಚ್ಚು ಜನ ಆಯ್ದದ್ದೇ ಸರಿ ಎಂದು ಉಳಿದವರೂ ಅತ್ತ ವಾಲುತ್ತಾರೆ.

ಪ್ರೊಜೆಕ್ಟರ್ ಇದ್ದ ದಿನ

ಪಠ್ಯಪುಸ್ತಕದ ಪಾಠದಲ್ಲಿ ಕ್ಯೂಆರ್ ಕೋಡ್ ಇದ್ದರೆ ಸರ್ಕಾರದ ಕಲಿಕಾ ಆ್ಯಪ್ ಆದ ದೀಕ್ಷಾದಲ್ಲಿ ಸ್ಕ್ಯಾನ್ ಮಾಡಿ. ಅಚ್ಚು ಮಸುಕಾಗಿದ್ದರೆ ಕೋಡ್‌ನ ಕೆಳಗಿರುವ 6 ಅಕ್ಷರಾಂಕಿಗಳನ್ನು ಟೈಪ್ ಮಾಡಿದರೂ ಪಾಠ ತೆರೆದುಕೊಳ್ಳುತ್ತದೆ. ವಿಡಿಯೊವನ್ನು ಹಿಂದಿನ ರಾತ್ರಿಯೇ ಇಳಿಸಿಕೊಂಡು ಪೂರ್ತಿ ನೋಡಿ, ತರಗತಿಗೆ ಬೇಕಾದ ಎರಡು ನಿಮಿಷ ಯಾವುದು ಎಂದು ಗುರುತು ಮಾಡಿಟ್ಟುಕೊಳ್ಳಿ.

ವಿಜ್ಞಾನಕ್ಕೆ ವಿಡಿಯೊಗಿಂತ ಮೇಲಾದದ್ದು ಕೊಲರಾಡೊ ಬೋಲ್ಡರ್ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳು, ಅಂದರೆ ಪರದೆಯ ಮೇಲೆಯೇ ಪ್ರಯೋಗ ಮಾಡಿನೋಡುವ ಮಾದರಿಗಳು. 2002ರಲ್ಲಿ ಆರಂಭವಾದ ಈ ಯೋಜನೆಯ ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ಒಂದೊಂದೂ ಒಂದೇ ಫೈಲಾಗಿ ಇಳಿಯುತ್ತದೆ, ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೇ ಬ್ರೌಸರ್‌ನಲ್ಲಿ ತೆರೆಯುತ್ತದೆ. 10ನೇ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ಮಂಡಲ ಕಟ್ಟುವ ಸಿಮ್ಯುಲೇಶನ್ ತೆಗೆದುಕೊಳ್ಳಿ. 9 ವೋಲ್ಟ್ ಬ್ಯಾಟರಿ, 10 ಓಮ್ ರೋಧಕ, ಸರಣಿಯಲ್ಲಿ ಒಂದು ಅಮ್ಮೀಟರ್. ಓದು 0.90 ಆಂಪಿಯರ್ ಬರಬೇಕು. ಅಂಥದ್ದೇ ಇನ್ನೊಂದು ರೋಧಕವನ್ನು ಸರಣಿಯಲ್ಲಿ ಸೇರಿಸಿದರೆ 0.45, ಸಮಾಂತರದಲ್ಲಿ ಸೇರಿಸಿದರೆ 1.80. ಪ್ರತಿ ಬದಲಾವಣೆಗೆ ಮೊದಲು ಅಂಕಿ ಏರುತ್ತದೋ ಇಳಿಯುತ್ತದೋ ಎಂದು ಮಕ್ಕಳಿಂದ ನೋಟ್‌ಬುಕ್‌ನಲ್ಲಿ ಬರೆಸಿ, ಆಮೇಲೆ ತಂತಿ ಜೋಡಿಸಿ. ಈ ಬರೆಸುವ ಹೆಜ್ಜೆ ಬಿಟ್ಟರೆ ಅದು ಸಿನಿಮಾ ನೋಡಿದಂತೆಯೇ. ಎಲೆಕ್ಟ್ರಾನ್‌ಗಳು ಚಲಿಸದಿದ್ದರೆ ಯಾವುದೋ ತಂತಿಯ ತುದಿ ತಾಗಿದಂತೆ ಕಂಡರೂ ಸೇರಿಲ್ಲ ಎಂದರ್ಥ. ಬ್ಯಾಟರಿಗೆ ಬೆಂಕಿ ಹತ್ತಿದರೆ ಹ್ರಸ್ವಮಂಡಲ (ಶಾರ್ಟ್ ಸರ್ಕ್ಯೂಟ್). ಅದನ್ನೊಮ್ಮೆ ಬೇಕೆಂದೇ ಮಾಡಿ ತೋರಿಸಿ, ಶಾಲೆಯ ಬ್ಯಾಟರಿ ಸುಡದೆ ಕಲಿಸಲು ಇದೇ ಅವಕಾಶ.

ಮನೆಗೆ ಕಳಿಸುವ ಪ್ರಶ್ನೆಪತ್ರಿಕೆ

ಗೂಗಲ್ ಫಾರ್ಮ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ಕ್ವಿಜ್’ ಆನ್ ಮಾಡಿದರೆ ಅಂಕ ತಾನಾಗಿ ಬೀಳುತ್ತದೆ. ಮೊದಲ ಪ್ರಶ್ನೆಯಾಗಿ ಕ್ರಮಸಂಖ್ಯೆಯ ಡ್ರಾಪ್‌ಡೌನ್ ಇಡಿ. ಹೆಸರು ಟೈಪ್ ಮಾಡಲು ಬಿಟ್ಟರೆ ಒಬ್ಬನೇ ಮಂಜುನಾಥ ಮೂರು ಕಾಗುಣಿತದಲ್ಲಿ ಬರುತ್ತಾನೆ. ‘ಒಬ್ಬರಿಗೆ ಒಂದೇ ಉತ್ತರ’ ಆಯ್ಕೆ ಹಾಕಬೇಡಿ, ಅದಕ್ಕೆ ಗೂಗಲ್ ಖಾತೆಯಲ್ಲಿ ಲಾಗಿನ್ ಆಗಿರಬೇಕು, ಮತ್ತು ಅದೇ ಫೋನಿನಲ್ಲಿ ಅಕ್ಕ ಉತ್ತರಿಸಿದ ಮೇಲೆ ತಮ್ಮನಿಗೆ ಬಾಗಿಲು ಮುಚ್ಚುತ್ತದೆ. ಉತ್ತರ ಕಳಿಸಿದ ತಕ್ಷಣ ಸರಿಯುತ್ತರ ಕಾಣುವುದನ್ನೂ ಆಫ್ ಮಾಡಿ, ಇಲ್ಲವಾದರೆ ಮೊದಲು ಮುಗಿಸಿದವರ ಸ್ಕ್ರೀನ್‌ಶಾಟ್ ಹತ್ತು ನಿಮಿಷದಲ್ಲಿ ಎಲ್ಲರಿಗೂ ತಲುಪಿರುತ್ತದೆ.

ಕನ್ನಡದಲ್ಲಿ ಒಂದು ಪದದ ಉತ್ತರ ಬರೆಸಿ ಅಂಕ ಕೊಡಿಸುವುದು ಕೈಕೊಡುತ್ತದೆ. ಫಾರ್ಮ್ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ‘ಕಾರ್ಯ’ ಎಂಬ ಪದವನ್ನೇ ಅರ್ಕಾವೊತ್ತು ಹಾಕಿಯೂ ಬರೆಯಬಹುದು, ರಕಾರಕ್ಕೆ ಒತ್ತು ಕೊಟ್ಟೂ ಬರೆಯಬಹುದು, ಯಂತ್ರಕ್ಕೆ ಅವೆರಡೂ ಬೇರೆ. ಬಹುಆಯ್ಕೆಯ ಪ್ರಶ್ನೆಗಳಿಗಷ್ಟೇ ಫಾರ್ಮ್ ಬಳಸಿ, ಬರವಣಿಗೆ ನೋಟ್‌ಬುಕ್‌ನಲ್ಲೇ ಇರಲಿ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಫಾರ್ಮ್‌ಗೆ ಅಂಟಿಸಿದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಬಂದರೆ, ಅದು ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ ತೆಗೆಯಿರಿ, ಒತ್ತಕ್ಷರಗಳನ್ನು ಮಾತ್ರ ಕಣ್ಣಿಟ್ಟು ತಿದ್ದಿ. ಮುದ್ರಿತ ಹಾಳೆಯಷ್ಟೇ ಇದ್ದರೆ ಫೋಟೊ ತೆಗೆದು ಡ್ರೈವ್‌ಗೆ ಹಾಕಿ, ಲ್ಯಾಪ್‌ಟಾಪ್‌ನಲ್ಲಿ ಗೂಗಲ್ ಡಾಕ್ಸ್‌ನಿಂದ ತೆರೆದರೆ ಪಠ್ಯ ಸಿಗುತ್ತದೆ.

ಪೋಷಕರ ಗುಂಪು

ವಾಟ್ಸಾಪ್ ಗುಂಪಿನಲ್ಲಿ ‘ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು’ ಎಂದು ಮೊದಲ ದಿನವೇ ಇಟ್ಟುಬಿಡಿ. ಗುಡ್ ಮಾರ್ನಿಂಗ್ ಹೂವುಗಳ ನಡುವೆ ಪರೀಕ್ಷೆಯ ದಿನಾಂಕ ಕಳೆದುಹೋಗಬಾರದಲ್ಲ. ಓದಲು ಬಾರದ ತಾಯಂದಿರಿಗಾಗಿ ಪ್ರತಿ ಮುಖ್ಯ ಸೂಚನೆಯ ಜೊತೆ ಅರ್ಧ ನಿಮಿಷದ ಧ್ವನಿ ಸಂದೇಶ ಇರಲಿ. ಅಂಕಪಟ್ಟಿಯನ್ನು ಗುಂಪಿಗೆ ಹಾಕಬೇಡಿ, ಆಯಾ ಮನೆಗೆ ಮಾತ್ರ ಕಳಿಸಿ. ಬ್ರಾಡ್‌ಕಾಸ್ಟ್ ಪಟ್ಟಿ ಬಳಸುವವರು ಗಮನಿಸಬೇಕು: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಪೋಷಕರ ಸಭೆಯ ದಿನ ಅಲ್ಲೇ ಕೂರಿಸಿ ಸೇವ್ ಮಾಡಿಸಿ.

ಕೊನೆಯದಾಗಿ ಫೈಲುಗಳು ಯಾರ ಖಾತೆಯಲ್ಲಿವೆ ನೋಡಿಕೊಳ್ಳಿ. ವೈಯಕ್ತಿಕ ಮೇಲ್‌ನಲ್ಲಿದ್ದರೆ ವರ್ಗಾವಣೆಯಾದ ದಿನ ಅಂಕವಹಿಯೂ ಶಿಕ್ಷಕರ ಜೊತೆ ಹೊರಟುಹೋಗುತ್ತದೆ. ಶಾಲೆಯ ಹೆಸರಿನಲ್ಲೇ ಒಂದು ಖಾತೆ ತೆರೆದು, ಪಾಸ್‌ವರ್ಡನ್ನು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಬರೆದಿಡಿ. ಅದರ 15 ಜಿಬಿ ಉಚಿತ ಜಾಗ ಶೀಟುಗಳಿಗೆ ಧಾರಾಳ, ವಾರ್ಷಿಕೋತ್ಸವದ ವಿಡಿಯೊಗಳನ್ನು ತುಂಬಿಸದಿದ್ದರೆ. ಹೊಸ ಶೈಕ್ಷಣಿಕ ವರ್ಷಕ್ಕೆ ಫೈಲಿನ ಪ್ರತಿ ಮಾಡಿ, ಹೆಸರು ಬದಲಿಸಿ, ಸೂತ್ರಗಳನ್ನು ಮುಟ್ಟದೆ ಅಂಕಗಳನ್ನಷ್ಟೇ ಅಳಿಸಿ. ಕಾರ್ಡುಗಳು ಹಳೆಯವೇ ಆಗುತ್ತವೆ, ಸಂಖ್ಯೆಗೆ ಹೊಸ ಹೆಸರು ಕೊಟ್ಟರಾಯಿತು.