ಬಾನೆಟ್ ಬಾಡಿಗೆಗಿದೆ

ನಾನು ಓಡಿಸೋದು ಟಿವಿಯಲ್ಲಿ ಬರುವ, ಅಮೆರಿಕದ ದೊಡ್ಡ ರೇಸಾದ ನ್ಯಾಸ್ಕಾರ್‌ನ ಕಾರಲ್ಲ, ಅದಕ್ಕಿಂತ ಎಷ್ಟೋ ಮೆಟ್ಟಿಲು ಕೆಳಗಿನ ಲೆಜೆಂಡ್ಸ್ ಕಾರು. 1930–40ರ ದಶಕದ ಕಾರನ್ನು ಎಂಟರಲ್ಲಿ ಐದು ಪಾಲಿಗೆ ಕುಗ್ಗಿಸಿದಂಥ ಫೈಬರ್‌ಗ್ಲಾಸ್ ಮೈ, ಒಳಗೆ ಯಮಹಾ ಬೈಕಿನ ಎಂಜಿನ್. ನಾರ್ತ್ ಕೆರೊಲೈನಾದ ಷಾರ್ಲೆಟ್‌ನಲ್ಲಿ ಹಗಲು ಸಾಫ್ಟ್‌ವೇರ್ ಕೆಲಸ, ಬೇಸಿಗೆಯ ಸಂಜೆ ಷಾರ್ಲೆಟ್ ಮೋಟರ್ ಸ್ಪೀಡ್‌ವೇಯ ಕಾಲು ಮೈಲಿ ಟ್ರ್ಯಾಕಿನಲ್ಲಿ ರೇಸು. ನ್ಯಾಸ್ಕಾರ್ ಚಾಂಪಿಯನ್‌ಗಳಾದ ಕೈಲ್ ಬುಷ್, ಜೋಯಿ ಲೊಗಾನೊ ಕೈ ಪಳಗಿಸಿಕೊಂಡದ್ದು ಇಂಥ ಪುಟಾಣಿ ಕಾರುಗಳಲ್ಲೇ. ಅವರು ಮೇಲಿನ ಮೆಟ್ಟಿಲು ಹತ್ತಿದರು. ನನಗೆ ನಲವತ್ತೆರಡು, ಟೈರಿನ ದುಡ್ಡು ಹುಟ್ಟಿದರೆ ಸಾಕು.

ಮೊದಲ ವರ್ಷ ಸ್ಪಾನ್ಸರ್ ಹುಡುಕಲು ಹನ್ನೆರಡು ಪುಟದ ಪ್ರೆಸೆಂಟೇಶನ್ ಮಾಡಿದ್ದೆ. ಬಾಲ್ಯದ ಕನಸು, ಲ್ಯಾಪ್ ಟೈಮು, ಹೆಲ್ಮೆಟ್ ಹಿಡಿದು ನಿಂತ ಫೋಟೊ. ಮೂವತ್ತು ಕಡೆ ಕಳಿಸಿದೆ, ಎರಡು ಉತ್ತರ ಬಂದವು. ಎರಡೂ ‘ಶುಭವಾಗಲಿ’.

ಕಣ್ಣು ತೆರೆಸಿದವರು ನಾವು ಅಕ್ಕಿ ತರುವ ಅಂಗಡಿಯ ಯಜಮಾನರು, ದಾವಣಗೆರೆ ಕಡೆಯವರು. “ಸಾರ್, ಕನಸು ನಿಮ್ಮ ಹತ್ರಾನೇ ಇರ್ಲಿ. ನಿಮ್ಮ ಕಾರು ನೋಡಿ ಒಬ್ಬನಾದ್ರೂ ನನ್ನಂಗಡಿಗೆ ಬರ್ತಾನಾ, ಅದು ಹೇಳಿ.” ನಿಜ, ಗಿರಗಿರ ಸುತ್ತುವ ಕಾರಿನ ಮೇಲಿನ ಹೆಸರನ್ನು ಗ್ಯಾಲರಿಯಲ್ಲಿ ಕೂತು ಓದುವವರು ಯಾರು?

ಹಾಗಾಗಿ ನಿಂತ ಕಾರನ್ನೇ ಜಾಹೀರಾತಾಗಿ ಮಾರಿದೆ. ಎರಡು ಶನಿವಾರಕ್ಕೊಮ್ಮೆ ಟ್ರೇಲರಿನಲ್ಲಿ ತಂದು ಅಂಗಡಿ ಮುಂದೆ ನಿಲ್ಲಿಸುತ್ತಿದ್ದೆ. ಸ್ಟೀರಿಂಗ್ ಕಳಚಿ ಮಕ್ಕಳ ಕೈಗೆ ಕೊಟ್ಟರೆ ಮುಗಿಯಿತು, ಅಪ್ಪ-ಅಮ್ಮ ಅರ್ಧ ಗಂಟೆ ಅಲ್ಲೇ. ಕಾಯುವ ಹೊತ್ತಿಗೆ ಬುಟ್ಟಿಯೂ ತುಂಬುತ್ತಿತ್ತು. ರೇಸಿನ ದಿನ ಕಾರುಗಳು ನಿಲ್ಲುವ ಪಿಟ್‌ನಲ್ಲಿ ಅಂಗಡಿಯ 140 ಕೂಪನ್ ಹಂಚಿದೆ, ಅಂಗಡಿಗೆ 23 ವಾಪಸ್ ಬಂದವು. ಯಜಮಾನರು ನಂಬಿದ್ದು ಆ 23ನ್ನು. ಐನೂರು ಡಾಲರ್ ಕೊಟ್ಟರು, ರೇಸಿನ ದಿನ ಪುಳಿಯೋಗರೆ ಬೇರೆ.

ಬಣ್ಣಕ್ಕೆ ಜಗಳವಾಯಿತು. ನನಗೆ ನೀಲಿ ಬೇಕು, ಅವರಿಗೆ ಅರಿಶಿನ-ಕುಂಕುಮ. 1972ರಲ್ಲಿ ನ್ಯಾಸ್ಕಾರ್ ದಿಗ್ಗಜ ರಿಚರ್ಡ್ ಪೆಟ್ಟಿಗೂ ಇದೇ ತಕರಾರು: ಅವರ ಸ್ಪಾನ್ಸರ್, ಎಂಜಿನ್ ಆಯಿಲಿಗೆ ಬೆರೆಸುವ ದ್ರವ ಮಾರುವ ಎಸ್‌ಟಿಪಿ ಕಂಪನಿ, ಕಾರು ಪೂರ್ತಿ ಕೆಂಪಾಗಲಿ ಅಂದಿತು, ಅವರು ತಮ್ಮ ನೀಲಿ ಬಿಡಲಿಲ್ಲ. ಕೊನೆಗೆ ಎರಡೂ ಸೇರಿ ಆ 43ನೇ ನಂಬರಿನ ಕಾರಿನ ಗುರುತೇ ಆಯಿತು. ಮುಂದೆ ಏಳು ಚಾಂಪಿಯನ್‌ಶಿಪ್, 200 ಗೆಲುವು ಮುಟ್ಟಿದವರು ಹಾಗೆ ಹಟ ಹಿಡಿಯಬಹುದು. ನಾನು ಬಾಯಿಮುಚ್ಚಿಕೊಂಡು ಹಳದಿ-ಕೆಂಪು ಹಚ್ಚಿಸಿದೆ.

ಬಾನೆಟ್ ಮೇಲೆ ಕನ್ನಡದಲ್ಲಿ ‘ಅಕ್ಕಿ ಬೇಳೆ’ ಅಂತ ಬರಬೇಕಿತ್ತು. ಸ್ಟಿಕರ್ ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತು ಕಳಚಿ ‘ಅಕ್‌ಕಿ’ ಆಗಿ ಕೂತಿತು. ಕತ್ತರಿಸುವವನಿಗೆ ಎಲ್ಲ ಗೆರೆಯೂ ಒಂದೇ. ಅಕ್ಷರಗಳನ್ನು ಚಿತ್ರವಾಗಿ ಬದಲಿಸಿ ಮತ್ತೆ ಕಳಿಸಿದೆ. ಹಾಳಾದ ವಿನೈಲಿನ ದುಡ್ಡು ನನ್ನ ಜೇಬಿನಿಂದಲೇ ಹೋಯಿತು.

ಮೂರನೇ ರೇಸಿಗೆ ಯಜಮಾನರು ಮನೆಮಂದಿಯನ್ನೆಲ್ಲ ಕರೆತಂದರು. ಎರಡನೇ ಸುತ್ತಿನಲ್ಲೇ ಮುಂದಿನವನ ಬಂಪರಿಗೆ ನುಗ್ಗಿದೆ. ತಪ್ಪು ನನ್ನದೇ, ಬ್ರೇಕ್ ತಡವಾಯಿತು. ಮೂತಿ ಒಡೆದು ‘ಬೇಳೆ’ ಟ್ರ್ಯಾಕಿನಲ್ಲಿ ಉಳಿಯಿತು, ‘ಅಕ್ಕಿ’ ನನ್ನ ಜತೆ ವಾಪಸ್ ಬಂತು. ರಾತ್ರಿಯೇ ಫೋನ್ ಮಾಡಿ ಕ್ಷಮೆ ಕೇಳಿದೆ, ಹೊಸ ಬಾನೆಟ್ ಯಾವಾಗ ಬರುತ್ತದೆ ಅಂತಲೂ ಹೇಳಿದೆ.

ಮರುವರ್ಷ ಅವರು ಬಿಡಲಿಲ್ಲ, ಆದರೆ ಚೌಕಾಸಿ ಶುರು. ಬಾನೆಟ್ ದುಬಾರಿ ಅನ್ನಿಸಿದರೆ ಹಿಂಬದಿಯ ಪ್ಯಾನೆಲ್ ಇನ್ನೂರಕ್ಕೇ ಕೊಡುತ್ತೇನೆ ಅಂದೆ.

“ಅದನ್ನ ಓದೋಕೆ ನಿಮ್ಮ ಹಿಂದೆ ಯಾರು ಬರ್ತಾರೆ ಸಾರ್?” ಅಂದವರೇ ಬಾನೆಟ್ಟಿಗೆ ಚೆಕ್ ಬರೆದರು.